ವಿಮರ್ಶಕ ಗುರುಸ್ವಾಮಿ ನಕ್ಕ ಭಾನುವಾರ

ನಕ್ಕರೆ ತಾನು ಗುರುಸ್ವಾಮಿಯೇ ಅಲ್ಲ! ಎಂಟೂ ಕಂತುಗಳನ್ನು ಬಂಡೆಯಂತೆ ಕೂತು ನೋಡಿ, ಆ ಸೀರಿಯಲ್ಲಿನ ಚರ್ಮ ಸುಲಿದೇ ಏಳುವುದು. ಭಾನುವಾರ ಬೆಳಗ್ಗೆ ಹೆಂಡತಿಯ ಮುಂದೆ ಹೀಗೊಂದು ಘೋಷಣೆ ಆಯಿತು. ಸಂಧ್ಯಾರಾಣಿ ಹೋಳಿಗೆಗೆ ಕಡಲೆಬೇಳೆ ಆರಿಸುತ್ತಿದ್ದವರು ತಲೆ ಎತ್ತಲಿಲ್ಲ.

ಚನ್ನಗಿರಿಯ ಗುರುಸ್ವಾಮಿಯವರನ್ನು ಸಾಮಾನ್ಯರೆಂದು ತಿಳಿಯಬೇಡಿ. ಹಗಲೆಲ್ಲ ಸ್ಟೀಲ್ ಪಾತ್ರೆ ಅಂಗಡಿ, ಬಿಡುವಾದಾಗ ಹೊನ್ನಾಳಿಯಿಂದ ಹೊರಡುವ ವಾರಪತ್ರಿಕೆಗೆ ಸಿನಿಮಾ, ಸೀರಿಯಲ್ಲುಗಳ ವಿಮರ್ಶೆ. ಇಷ್ಟು ವರ್ಷಗಳಲ್ಲಿ ಯಾವುದನ್ನೂ ಹೊಗಳಿದ ಕಳಂಕ ಅವರಿಗೆ ಅಂಟಿಲ್ಲ.

‘ಮೂರನೇ ಕೂಗು’ ಎಂಬ ಹೊಸ ಸರಣಿ ಬಂದಾಗಲೂ ಹಾಗೇ ಆಯಿತು. ಕುಕ್ಕರ್ ರಿಪೇರಿಯವನ ವೇಷದಲ್ಲಿ ಮನೆಮನೆ ಸುತ್ತಿ ಕಳ್ಳರನ್ನೂ ದೇಶದ್ರೋಹಿಗಳನ್ನೂ ಹಿಡಿಯುವ ಗೂಢಚಾರಿಯ ಕಥೆ. ಕುಕ್ಕರ್ ಮೂರನೇ ಸಲ ಕೂಗಿತೆಂದರೆ ಹೊಡೆದಾಟ ಶುರು! ನ್ಯಾಮತಿಯಿಂದ ಜಗಳೂರಿನವರೆಗೆ ಜನ ಬಿದ್ದು ಬಿದ್ದು ನಕ್ಕರು. ದೊಡ್ಡ ಪತ್ರಿಕೆಗಳು ಕೂಡ ಹೊಡೆದಾಟವೂ ನಗುವೂ ಹದವಾಗಿ ಬೆರೆತಿವೆ ಎಂದು ಬೆನ್ನು ತಟ್ಟಿದವು. ನಮ್ಮ ಗುರುಸ್ವಾಮಿ ಮಾತ್ರ ಹತ್ತು ನಿಮಿಷ ನೋಡಿ, ನಾಯಕ ಗ್ಯಾಸ್ಕೆಟ್ ಹಾಕದೆ ಮುಚ್ಚಳ ಮುಚ್ಚಿದ್ದನ್ನು ಹಿಡಿದರು. ‘ಕುಕ್ಕರ್ ಮುಚ್ಚಲು ಬಾರದವನು ದೇಶ ಕಾಯುವನೇ?’ ಎಂದು ಬರೆದು ಕೈ ತೊಳೆದುಕೊಂಡರು.

ಓದುಗರು ರೇಗಿದರು. ಸಂಪಾದಕ ಜಹಾಂಗೀರನ ಫೋನಿಗೆ ಬಿಡುವಿಲ್ಲದಂತಾಯಿತು. ಅವನು ಗುರುಸ್ವಾಮಿಗೆ ಮೆತ್ತಗೆ ಹೇಳಿದ: “ಪೂರ್ತಿ ನೋಡಿ ಇನ್ನೊಂದು ಸಲ ಬರೀರಿ ಅಣ್ಣ. ಇಲ್ಲಾಂದ್ರೆ ಅಂಕಣ ಬೇರೆಯೋರಿಗೆ ಕೊಡಬೇಕಾಗ್ತೈತೆ.” ಭಾನುವಾರ ತಾನೂ ಹೆಂಡತಿ ನುಜಹತ್‌ಳೂ ಊಟಕ್ಕೆ ಬರುವುದಾಗಿಯೂ ಲೇಖನವನ್ನು ಅಲ್ಲೇ ಓದುವುದಾಗಿಯೂ ಹೇಳಿದ. ಗುರುಸ್ವಾಮಿ ಲೆಕ್ಕ ಹಾಕಿದರು. ಅಂಕಣ ಹೋದರೆ ಊರಲ್ಲಿ ತಾನು ಬರೀ ಪಾತ್ರೆ ಮಾರುವವನಲ್ಲವೇ?

ಹಾಗಾಗಿ ಟಿವಿ ಮುಂದೆ ಪ್ರತಿಷ್ಠಾಪನೆ. ಮೊದಲ ಕಂತಿನಲ್ಲಿ ತುಟಿ ಬಿಗಿಯಾಗಿತ್ತು. ಎರಡರಲ್ಲಿ ಮೀಸೆ ಅಲುಗಿತು. ಮೂರರಲ್ಲಿ ನಾಯಕ ಮಂತ್ರಿಯ ಮನೆ ಇಡ್ಲಿ ತಟ್ಟೆಯನ್ನೇ ಗುರಾಣಿ ಮಾಡಿಕೊಂಡಾಗ ನಗು ಗಂಟಲಿಗೆ ಬಂದುಬಿಟ್ಟಿತು. ಹೆಂಡತಿ ಪಕ್ಕದಲ್ಲೇ! ಪುಣ್ಯಾತ್ಮರು ನಗುವನ್ನೆಲ್ಲ ಕೆಮ್ಮು ಮಾಡಿದರು. ಸಂಧ್ಯಾರಾಣಿ ಗಾಬರಿಯಾಗಿ ಎರಡು ಲೋಟ ಮೆಣಸಿನ ಕಷಾಯ ಕುಡಿಸಿದರು. ಕೊನೆಯ ಕಂತಿನ ಹೊತ್ತಿಗೆ ಬೇಳೆಯ ಕುಕ್ಕರನ್ನು ಒಲೆ ಮೇಲಿಟ್ಟು, ಬಾಳೆಎಲೆ ತರಲು ಹೊರಟರು.

“ರೀ, ಮೂರು ಕೂಗು ಕೂಗಿದ್ ಮೇಲೆ ಆಫ್ ಮಾಡ್ರಿ.”

“ಕುಕ್ಕರ್ ಮಾರೋನಿಗೇ ಹೇಳಿಕೊಡಾಕೆ ಬರ್ತೀಯಲ್ಲ.”

ಬಾಗಿಲು ಮುಚ್ಚಿದ್ದೇ ತಡ, ಬೆಳಗಿನಿಂದ ಕಟ್ಟಿಟ್ಟ ನಗುವೆಲ್ಲ ಹೊರಬಿತ್ತು. ಪರದೆಯ ಮೇಲೆ ಮದುವೆ ಛತ್ರದ ಅಡುಗೆಮನೆ, ಸಾಲಾಗಿ ಕುಕ್ಕರ್‌ಗಳು, ನಡುವೆ ಬಾಂಬ್ ಹಿಡಿದು ಓಡುವ ನಾಯಕ. ಎಲ್ಲ ಕಡೆಯಿಂದಲೂ ಕೂಗೋ ಕೂಗು! ಎಂಥ ಸೌಂಡ್, ಮನೆಯೊಳಗೇ ಕೂಗಿದ ಹಾಗಿದೆಯಲ್ಲ ಎಂದು ಗುರುಸ್ವಾಮಿ ತಲೆದೂಗಿದರು. ಆಮೇಲೆ ಸೀದ ವಾಸನೆಯೂ ಬಂತು. ಅವರು ರೋಮಾಂಚನಗೊಂಡರು. ಇಂಥ ನೈಜತೆ ಹಿಂದೆಂದಾದರೂ ಬಂದಿತ್ತೇ? ಅಷ್ಟರಲ್ಲಿ ಢಮಾರ್! ಬಾಂಬ್ ಸಿಡಿಯಿತು. ವಿಮರ್ಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನೋಡಿದರೆ, ಪರದೆಯ ಮೇಲೆ ನಾಯಕ ಬಾಂಬನ್ನು ಇನ್ನೂ ಕಂಕುಳಲ್ಲೇ ಇಟ್ಟುಕೊಂಡಿದ್ದ.

ಅಡುಗೆಮನೆಗೆ ಓಡಿದರು. ಸೇಫ್ಟಿ ವಾಲ್ವ್ ಹಾರಿಹೋಗಿ, ಬೇಳೆ ಸೀಲಿಂಗಿಗೆ ಗಿಲಾವು ಮಾಡಿದಂತೆ ಅಂಟಿತ್ತು. ಬೆನ್ನಿಗೇ ಬಾಗಿಲು ತೆರೆಯಿತು. ಎಲೆ ಹಿಡಿದ ಸಂಧ್ಯಾರಾಣಿ, ಹಿಂದೆ ಜಹಾಂಗೀರ್ ದಂಪತಿ. ಹೊಗೆ ನೋಡಿ ನುಜಹತ್ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಅದೇ ಹೊತ್ತಿಗೆ ಒಳಗೆ ಟಿವಿಯಲ್ಲಿ ನಾಯಕ ಬಾಂಬನ್ನು ಸಾರಿನ ಕೊಳದಪ್ಪಲೆಯಲ್ಲಿ ಮುಳುಗಿಸಿ “ಉಪ್ಪು ಸಾಕಾ?” ಅಂದ. ಎಷ್ಟು ತಡೆದರೂ ಆಗದೆ ಗುರುಸ್ವಾಮಿ ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕುಬಿಟ್ಟರು.

“ಕೆಮ್ಮು ವಾಸಿಯಾತೇನ್ರಿ?” ಎಂದು ಸಂಧ್ಯಾರಾಣಿ ಕೇಳಿದರು.

ಹೋಳಿಗೆ ಊಟಕ್ಕೆ ಬಂದವರು ಮೂಲೆ ಅಂಗಡಿಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಎದ್ದರು. ಗುರುಸ್ವಾಮಿ ಮಾತ್ರ ತಿನ್ನದೆ, ಲೇಖನ ಆಮೇಲೆ ಕಳಿಸುವುದಾಗಿ ಹೇಳಿ ಅವರನ್ನು ಬೀಳ್ಕೊಟ್ಟು ಬರೆಯಲು ಕೂತರು. ಜೀವಮಾನದಲ್ಲಿ ಮೊದಲ ಸಲ ಮನಸ್ಸು ಬಿಚ್ಚಿ ಹೊಗಳಿದರು. ಮನೆಯ ಅಡುಗೆಮನೆಯಷ್ಟು ಸಣ್ಣ ಜಾಗದಲ್ಲಿ ಇಷ್ಟು ದೊಡ್ಡ ಸಾಹಸವನ್ನು ಯಾರನ್ನೂ ನೋಯಿಸದೆ, ಅಸಹ್ಯವಿಲ್ಲದೆ ನಗಿಸುತ್ತ ಕಟ್ಟಿದವರಿಗೆ ಕೈ ಮುಗಿದರು. ಗ್ಯಾಸ್ಕೆಟ್ ಸುದ್ದಿಯೇ ಇಲ್ಲ. ಬರೆದು ಮುಗಿಸಿದಾಗ ಅವರಿಗೇ ಹಿತವಾಯಿತು. ಇಷ್ಟು ಚೆನ್ನಾಗಿ ತಾನು ಎಂದೂ ಬರೆದಿರಲಿಲ್ಲ ಎನಿಸಿತು.

ಪತ್ರಿಕೆ ಬಂದ ದಿನ ಜಹಾಂಗೀರನ ಫೋನ್. ಗುರುಸ್ವಾಮಿ ಸ್ಟೂಲ್ ಮೇಲೆ ನಿಂತು ಸೀಲಿಂಗ್ ಕೆರೆಯುತ್ತಿದ್ದವರು ಸ್ಪೀಕರ್ ಹಾಕಿದರು.

“ಅಣ್ಣ, ಲೇಖನ ಭಾರೀ ಹೆಸರು ಮಾಡೈತೆ. ಓದಿದೋರೆಲ್ಲ ಒಂದೇ ಮಾತು ಹೇಳ್ತಾರೆ, ಇಷ್ಟು ಚಲೋ ಬರೆಯಾಕೆ ಗುರುಸ್ವಾಮಿ ಕೈಲಿ ಆಗಲ್ಲ, ಅವರ ಮನೆಯೋರೇ ಬರೆದಿರಬೇಕು ಅಂತ. ಮುಂದಿನ ವಾರದಿಂದ ಅಂಕಣಕ್ಕೆ ಅಕ್ಕನ ಹೆಸರೇ ಹಾಕಾನ ಅಂದ್ಕಂಡಿದೀನಿ. ನಿಜ ಹೇಳ್ರಿ, ಅಕ್ಕಾರೇ ಬರೆದಿದ್ದು ಅಲ್ವಾ?”

ಗುರುಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಸಂಧ್ಯಾರಾಣಿ ಫೋನ್ ಎತ್ತಿಕೊಂಡರು. ಒಮ್ಮೆ ಸೀಲಿಂಗ್ ನೋಡಿದರು, ಒಮ್ಮೆ ಗಂಡನನ್ನು ನೋಡಿದರು.

“ಹ್ಞೂಂ ತಮ್ಮ, ನಾನೇ ಬರೆದಿದ್ದು.”