ಕಪ್ಪೆಯ ಮನೆಯ ಆಳುಗಳು

ಅಂದು ಹೊಲಿಗೆ ಮೆಷಿನ್ ತುಳಿದದ್ದು ಯಾರು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ನಾನೇ ಎಂದು ನೆಂಟರೆಲ್ಲ ಹೇಳುತ್ತಾರೆ. ಎಷ್ಟು ಸಲ ಹೇಳಿದ್ದಾರೆಂದರೆ, ಈಗ ಕಣ್ಣು ಮುಚ್ಚಿದರೆ ಪೆಡಲಿನ ಮೇಲೆ ನನ್ನದೇ ಕಾಲು ಕಾಣುತ್ತದೆ, ಹರಿದ ಚಪ್ಪಲಿ ಸಮೇತ! ಆದರೆ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಓದಿ, ಒಮ್ಮೆ ಅಳೆದದ್ದನ್ನು ಮತ್ತೊಮ್ಮೆ ಅಳೆಯುವ ಚಾಳಿ ಅಂಟಿಸಿಕೊಂಡವನು ನಾನು. ನನ್ನ ನೆನಪಿನ ಮೇಲಿರುವಷ್ಟು ಅನುಮಾನ ನನಗೆ ಬೇರೆ ಯಾವುದರ ಮೇಲೂ ಇಲ್ಲ. ಹಾಗಾಗಿ ಅನುಮಾನವೇ ಇಲ್ಲದ ಸಂಗತಿಯಿಂದ ಶುರುಮಾಡುತ್ತೇನೆ: ನನ್ನ ಚಿಕ್ಕಮ್ಮ ಒಂದು ಕಪ್ಪೆಯ ಮನೆ ಗುಡಿಸಲು ಆಳುಗಳನ್ನು ಇಟ್ಟಿದ್ದಾರೆ.

ನಗಬೇಡಿ. ಕಪ್ಪೆ ಒಂದೇ. ಆಳುಗಳು ಸಾವಿರಾರು!

ಚಿಕ್ಕಮ್ಮನದು ಕುಂಬ್ರ ಜಂಕ್ಷನ್ನಿನಲ್ಲಿ ಹೊಲಿಗೆ ಅಂಗಡಿ. ಅಂಗಡಿಯ ಹಿಂದೆಯೇ ಮನೆ; ಆಗ ನಾನೂ ಅಲ್ಲೇ ಇದ್ದೆ. ಒಂದು ದಿನ ಬಚ್ಚಲಿನ ಬಾಗಿಲ ಸಂದಿಗೆ ಸಿಕ್ಕಿ ಒಂದು ಮರಗಪ್ಪೆಯ ಹಿಂಗಾಲು ಜಜ್ಜಿಹೋಯಿತು. ಬಾಗಿಲು ಹಾಕಿದವರು ಚಿಕ್ಕಮ್ಮನೇ. "ಎರಡು ದಿನ ಇರ್ಲಿ, ಗುಣ ಆದ ಮೇಲೆ ಬಿಡುದು" ಎಂದು ಮೀನು ಸತ್ತು ಖಾಲಿಯಾಗಿದ್ದ ಗಾಜಿನ ತೊಟ್ಟಿಯಲ್ಲಿ ಅದನ್ನು ಇಟ್ಟರು. ಕಾಲು ಮಾತ್ರ ಸೊಟ್ಟಗೇ ಉಳಿಯಿತು. ಮರ ಹತ್ತಲಾಗದ ಮರಗಪ್ಪೆಯನ್ನು ಎಲ್ಲಿಗೆಂದು ಬಿಡುವುದು? ತೊಟ್ಟಿ ಮೆಷಿನ್ನಿನ ಪಕ್ಕದ ಮೇಜಿಗೆ ಬಂತು. ಒಳಗೆ ಮಣ್ಣು, ತೆಂಗಿನ ನಾರು, ಒಣಗಿದೆಲೆ, ಮಲಗಲು ಕವುಚಿ ಹಾಕಿದ ಒಂದು ತೆಂಗಿನ ಗೆರಟೆ.

ರವಿಕೆಯ ಅಳತೆ ಕೊಡಲು ಬಂದ ಹೆಂಗಸರು ಎರಡೂ ಕೈ ಅಗಲಿಸಿ ನಿಂತಿರುವಾಗ ಗಾಜಿನಾಚೆಯಿಂದ ಎರಡು ಕಣ್ಣು ಕಂಡರೆ ಏನಾಗಬೇಕು? ಹೌಹಾರಿ ಉಸಿರು ಮೇಲೆಳೆದುಕೊಳ್ಳುತ್ತಿದ್ದರು. ಟೇಪು ಆಗಲೇ ಎದೆಯ ಸುತ್ತ ಇರುತ್ತಿತ್ತು. ಆ ವರ್ಷ ಕುಂಬ್ರದ ಸುತ್ತಮುತ್ತ ರವಿಕೆಗಳೆಲ್ಲ ಸಡಿಲ!

"ಕಪ್ಪೆಗೆ ಮೆಷಿನ್ ಸ್ವರ ಅಂದ್ರೆ ಜೀವ. ನಾನು ತುಳಿದ್ರೆ ಅವ ಮಾತಾಡ್ತಾನೆ" ಎಂದು ಚಿಕ್ಕಮ್ಮ ಎಲ್ಲರಿಗೂ ಹೇಳುತ್ತಿದ್ದರು. ಕಪ್ಪೆಯ ಕೂಗೂ ಟಕ್ ಟಕ್ ಟರ್ರ್ ಎಂದೇ ಇದ್ದದ್ದು ನಿಜ. "ಕಾಕತಾಳೀಯ ಚಿಕ್ಕಮ್ಮ, ಮಿಕ್ಸಿ ತಿರುಗಿಸಿದರೂ ಕೂಗೀತು" ಎಂದೆ. "ನಿನ್ನ ಸೈನ್ಸು ನಿನ್ನತ್ರವೇ ಇಟ್ಕೋ" ಎಂದರು.

ತೊಟ್ಟಿ ನಾರತೊಡಗಿದಾಗ ಆಳುಗಳ ಪ್ರವೇಶವಾಯಿತು. ದಿನಾ ತೊಳೆದರೆ ಕಪ್ಪೆ ಹೆದರುತ್ತದೆ, ತೊಳೆಯದಿದ್ದರೆ ಗಿರಾಕಿ ಓಡುತ್ತಾರೆ. ಚಿಕ್ಕಮ್ಮ ಮೊಬೈಲಿನಲ್ಲಿ ಯಾರ್‍ಯಾರದೋ ವೀಡಿಯೊ ನೋಡಿ ಸ್ಪ್ರಿಂಗ್‌ಟೇಲ್ ಎಂಬ ಹುಳಗಳನ್ನು ಪತ್ತೆಮಾಡಿದರು. ಎಳ್ಳಿಗಿಂತ ಸಣ್ಣ, ಬಿಳಿ, ಬಾಲದಡಿಯ ಸ್ಪ್ರಿಂಗಿನಿಂದ ಚಿಮ್ಮುವ ಜೀವಿಗಳು. ಬೂಷ್ಟು, ಹಿಕ್ಕೆ, ಕೊಳೆತದ್ದು ಇಷ್ಟೇ ಅವುಗಳ ಆಹಾರ. ಬದುಕಿರುವ ಕಪ್ಪೆಯ ತಂಟೆಗೆ ಹೋಗುವುದಿಲ್ಲ. ಕಪ್ಪೆ ಒಂದೆರಡನ್ನು ನುಂಗಿದರೂ ಅದಕ್ಕೇನೂ ಆಗುವುದಿಲ್ಲ.

"ಸಂಬಳ ಕೊಡುದು ಬಿಟ್ಟು ಆಳನ್ನೇ ತಿನ್ನುವ ಧಣಿ!" ಎಂದರು ಚಿಕ್ಕಪ್ಪ. ಪಿಕಪ್ ಓಡಿಸುವ ಚಿಕ್ಕಪ್ಪನಿಗೆ ಕಪ್ಪೆಯನ್ನು ಕಂಡರಾಗದು. "ಕಪ್ಪೆಗೆ ಆಳು ಉಂಟು, ನನ್ನ ಬನಿಯನ್ ಒಗೀಲಿಕ್ಕೆ ಜನ ಇಲ್ಲ. ಅದು ಅಲ್ಲಿರುವಷ್ಟು ದಿನ ನಾನು ಅಂಗಡಿಗೆ ಕಾಲಿಡುದಿಲ್ಲ!" ಹಾಗೆಂದು ಶಪಥ ಮಾಡಿದ ಮೇಲೆ ಅವರು ಬಾಗಿಲಲ್ಲೇ ನಿಂತು ಎಲೆಯಡಿಕೆ ಜಗಿಯುತ್ತ ಬೈಯುತ್ತಿದ್ದರು.

ಆಳುಗಳ ತಳಿ ಬೆಳೆದದ್ದು ಎಲ್ಲಿ ಗೊತ್ತೇ? ಉಪ್ಪಿನಕಾಯಿ ಭರಣಿಯಲ್ಲಿ! ಒದ್ದೆ ಇದ್ದಿಲು ತುಂಬಿ, ಮೇಲೆ ನಾಲ್ಕು ಕಾಳು ಅಕ್ಕಿ ಉದುರಿಸಿ, ಅಡುಗೆಮನೆಯಲ್ಲಿ ಬೇರೆ ಉಪ್ಪಿನಕಾಯಿ ಇಡುವ ಹಲಗೆಯ ಮೇಲೆಯೇ ಇಟ್ಟಿದ್ದರು. ಒಂದು ಮಧ್ಯಾಹ್ನ ಗಂಜಿಗೆ ನೆಂಚಿಕೊಳ್ಳಲು ಮಾವಿನಮಿಡಿ ಬೇಕೆನಿಸಿ ನಾನೇ ಭರಣಿ ಇಳಿಸಿ ಮುಚ್ಚಳ ತೆಗೆದೆ. ಒಳಗಿನ ಕತ್ತಲು ಒಮ್ಮೆಲೇ ಚಿಮ್ಮಿತು! ನನ್ನ ಕಿರುಚಾಟಕ್ಕೆ ಓಡಿಬಂದ ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ, ಭರಣಿ ನೋಡಿದರು.

"ಕೈಗೆ ಎಂತ ಹಚ್ಚಿದ್ದಿ?"

"ಸೊಳ್ಳೆಗೆ ಹಚ್ಚುವ ಕ್ರೀಮು."

"ಅಯ್ಯೋ ಪಾಪಿ! ಅವುಗಳಿಗೆಲ್ಲ ವಿಷ ಅದು! ಒಳಗೆ ಬೆರಳು ಹಾಕಿದ್ಯಾ?"

ಬೆರಳು ಹಾಕುವುದೇ? ನಾನು ಆ ಹೊತ್ತಿಗೆ ಅಂಗಳದಲ್ಲಿದ್ದೆ.

ಈ ವಿಷದ ವಿಚಾರದಲ್ಲಿ ಚಿಕ್ಕಮ್ಮ ಪೊಲೀಸರಿಗಿಂತ ಖಡಕ್. ಪೆರಾಬೆಯಿಂದ ಬಟ್ಟೆ ಹೊಲಿಸಲು ಬರುವ ಹೆಂಗಸೊಬ್ಬರು ಪ್ರೀತಿಯಿಂದ ಒಂದು ಗೋಣಿ ತರಗೆಲೆ ತಂದರು. ಚಿಕ್ಕಮ್ಮ ಗೋಣಿಯ ಬಾಯಿ ಬಿಚ್ಚಲಿಲ್ಲ.

"ತೋಟದ್ದಾ?"

"ಹೌದಕ್ಕ, ನಮ್ಮದೇ."

"ಮದ್ದು ಬಿಟ್ಟದ್ದಾ?"

"ಬಿಡದೆ ಆಗ್ತದಾ ಅಕ್ಕ? ಅಡಿಕೆಗೆ ಕೊಳೆರೋಗ ಬಂದ್ರೆ ಎಂತ ಮಾಡುದು?"

"ಹಾಗಾದ್ರೆ ಬೇಡ ಮಾರಾಯ್ತಿ. ಮೈಲುತುತ್ತು ಬಿದ್ದ ಎಲೆ ಹಾಕಿದ್ರೆ ಮೊದಲು ಆಳುಗಳು ಹೋಗ್ತವೆ, ಮತ್ತೆ ಅವನೂ ಹೋಗ್ತಾನೆ."

"ಅವನು ಯಾರಕ್ಕ?" ಎಂದು ತಿರುಗಿದ ಹೆಂಗಸಿಗೆ ಗಾಜಿನಾಚೆಯಿಂದ ಅವನು ಕಂಡ. ಗೋಣಿ ನಮ್ಮಲ್ಲೇ ಉಳಿಯಿತು, ಹೆಂಗಸು ಉಳಿಯಲಿಲ್ಲ!

ಈ ಊರಿನಲ್ಲಿ ಮದ್ದು ತಾಗದ ಎಲೆ ಹುಡುಕುವುದೆಂದರೆ ಸಾವಿಲ್ಲದ ಮನೆಯ ಸಾಸಿವೆ ಹುಡುಕಿದಂತೆ. ಕೊನೆಗೆ ಸಿಕ್ಕಿದ್ದು ಮನೆಯ ಹಿಂದಿನ ಹಲಸಿನ ಮರ. ಅದರ ಒಣಗಿದೆಲೆಯನ್ನೂ ಚಿಕ್ಕಮ್ಮ ಸುಮ್ಮನೆ ಹಾಕುವವರಲ್ಲ. ಜರಿಯೋ ಇರುವೆಯೋ ಒಳನುಗ್ಗೀತೆಂದು ಪಾತ್ರೆಯಲ್ಲಿ ಕುದಿಸಿ, ಬಸಿದು, ಬಿಸಿಲಿಗೆ ಒಣಗಿಸುತ್ತಿದ್ದರು. ಒಂದು ಬೆಳಿಗ್ಗೆ ಚಿಕ್ಕಪ್ಪ ಆ ಬಸಿದ ನೀರನ್ನು ಹಾಲಿಲ್ಲದ ಚಹಾ ಎಂದುಕೊಂಡು ಸಕ್ಕರೆ ಹಾಕಿ ಒಂದು ಲೋಟ ಕುಡಿದು, "ಇವತ್ತಿನ ಕಣ್ಣ ಚಾ ಅಡ್ಡಿಲ್ಲ" ಎಂದರು.

ಇಂತಹ ಚಿಕ್ಕಮ್ಮ ಒಂದು ದಿನ ಅದೇ ಹಲಸಿನೆಲೆ ಹೆಕ್ಕಲು ಹೋಗಿ ಜಾರಿ ಬಿದ್ದು ಮೊಣಕಾಲಿನ ಚಿಪ್ಪು ಒಡೆದುಕೊಂಡರು. ಪಿಕಪ್ಪಿನಲ್ಲಿ ಮಲಗಿಸಿ ಪುತ್ತೂರಿನ ಆಸ್ಪತ್ರೆಗೆ ಒಯ್ಯಲು ಹೊರಟಾಗ ಬೇರೆಯವರಾಗಿದ್ದರೆ ದೇವರನ್ನು ಕರೆಯುತ್ತಿದ್ದರು. ಇವರು ನನ್ನನ್ನು ಕರೆದರು.

"ನೀನು ಮನೆಯಲ್ಲೇ ಇರು. ಕೈ ಬರೀ ನೀರಲ್ಲಿ ತೊಳಿ, ಸಾಬೂನು ಬೇಡ. ಬಾವಿ ನೀರೇ ಚಿಮುಕಿಸು, ನಳ್ಳಿ ನೀರಲ್ಲಿ ಬ್ಲೀಚಿಂಗ್ ಪುಡಿ ಇರ್ತದೆ. ಸೊಳ್ಳೆಬತ್ತಿ ಹಚ್ಚಿದ್ರೆ ಕೊಲ್ತೇನೆ. ಅಯ್ಯಮ್ಮಾ ನನ್ನ ಕಾಲೇ! ಇರುವೆ ಬಂದ್ರೆ ಪುಡಿ ಹಾಕ್ಬೇಡ, ಮೇಜಿನ ಕಾಲಿಗೆ ನೀರಿನ ಬಟ್ಟಲು ಇಡು!"

ಅಮ್ಮ ಆಸ್ಪತ್ರೆಯಲ್ಲಿ ತಂಗಿಯ ಜೊತೆ ಉಳಿದರು. ಸೊಳ್ಳೆಗಳು ನನ್ನ ಜೊತೆ ಉಳಿದವು. ಅಂಗಡಿ ಮುಚ್ಚಿತು, ಮೆಷಿನ್ ನಿಂತಿತು, ಕಪ್ಪೆಯ ಸದ್ದೂ ನಿಂತಿತು. ಮರುದಿನ ಅದು ಕಣ್ಣಿಗೂ ಬೀಳಲಿಲ್ಲ.

ಆಪರೇಷನ್ ಇದ್ದ ದಿನ ಚಿಕ್ಕಪ್ಪ ಹಣ್ಣು, ಬಟ್ಟೆ ಒಯ್ಯಲು ಮನೆಗೆ ಬಂದಿದ್ದರು. ನಾನು ನೀರು ಚಿಮುಕಿಸಲು ಮುಚ್ಚಳ ತೆಗೆದು ಒಂದು ಎಲೆ ಸರಿಸಿದೆ. ಮೂಲೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಒಂದು ಮುದ್ದೆ. ಅದರ ಮೇಲೆಲ್ಲ ಬಿಳಿ ಬಿಳಿ ಹುಳ, ಮುತ್ತಿ, ಕಿಕ್ಕಿರಿದು, ಹರಿದಾಡುತ್ತಿದ್ದವು. ನನ್ನ ಕೈಯಿಂದ ಚೊಂಬು ಬಿತ್ತು.

"ಚಿಕ್ಕಪ್ಪಾ! ಆಳುಗಳು ಧಣಿಯನ್ನೇ ತಿಂದುಬಿಟ್ಟವು!"

ಬದುಕಿರುವ ಕಪ್ಪೆಯನ್ನು ಅವು ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಾಗಾದರೆ ಕಪ್ಪೆ ಬದುಕಿಲ್ಲ ಎಂದಲ್ಲವೇ? ತರ್ಕ ಎಷ್ಟು ಸರಿಯಾಗಿತ್ತೋ ಅಷ್ಟೇ ಭಯಾನಕವಾಗಿತ್ತು. ಬಾಗಿಲಲ್ಲಿದ್ದ ಚಿಕ್ಕಪ್ಪ ಜಗಿಯುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಫೋನು! ಅಮ್ಮನ ಗಾಬರಿಯ ಸ್ವರ: "ಇವಳು ಆಪರೇಷನ್ನಿಗೆ ಹೋಗುದಿಲ್ಲ ಅಂತ ಹಟ ಮಾಡ್ತಾಳೆ. ಮನೆಯಲ್ಲಿ ಒಬ್ಬ ಉಂಟು, ಅವನ ಸ್ವರ ಕೇಳ್ಬೇಕು ಅಂತೆ. ನರ್ಸು ಪಾಪ, ಮೊಮ್ಮಗನಾ ಅಂತ ಕೇಳ್ತಿದ್ದಾಳೆ!"

ಫೋನು ಚಿಕ್ಕಮ್ಮನ ಕೈಗೆ ಹೋಯಿತು. "ಅವ ಉಂಟಾ?"

ಹಿಂದಿನಿಂದ ಚಿಕ್ಕಪ್ಪ ಗಟ್ಟಿಯಾಗಿ, "ಉಂಟು, ಉಂಟು, ಗಡದ್ದಾಗಿ ಉಂಟು. ನೀನು ಸುಮ್ಮನೆ ಒಳಗೆ ಹೋಗು" ಎಂದರು.

"ಹಾಗಾದ್ರೆ ಸ್ವರ ಕೇಳಿಸಿ."

ಇನ್ನೇನು ಮಾಡಲಿ? ಫೋನನ್ನು ತೊಟ್ಟಿಯೊಳಗೆ ಹಿಡಿದು, ಗಾಜಿಗೆ ಮೂಗು ಒತ್ತಿ, ಆ ಮುದ್ದೆಯನ್ನೇ ನೋಡುತ್ತ ನಿಂತೆ. ಆಗ ಮೆಷಿನ್ ಸದ್ದು ಶುರುವಾಯಿತು. ಟಕಟಕಟಕಟಕ, ಒಂದೇ ಲಯದಲ್ಲಿ, ಎಲ್ಲೂ ತಡವರಿಸದೆ. ಎಷ್ಟು ಹೊತ್ತೋ ತಿಳಿಯದು. ಗೆರಟೆಯೊಳಗಿನಿಂದ ಬಂತು ನೋಡಿ, ಟಕ್ ಟಕ್ ಟರ್ರ್!

ಫೋನಿನಾಚೆ ಚಿಕ್ಕಮ್ಮನ ಸ್ವರ, ನರ್ಸಿಗೆ: "ಹಾಂ, ಈಗ ತಳ್ಳಿ ಮಾರಾಯ್ತಿ."

ನಾನು ತಲೆ ಎತ್ತಿದಾಗ ಚಿಕ್ಕಪ್ಪ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದರು. ಹಾಗೆಂದು ನನ್ನ ನೆನಪು.

ಮುದ್ದೆ ಏನಾಗಿತ್ತು ಎಂದು ಕೇಳುತ್ತೀರಾ? ಕುಂಟುತ್ತ ಮನೆಗೆ ಬಂದ ಚಿಕ್ಕಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಅದು ಸೌತೆಕಾಯಿ ತುಂಡು ಮಾರಾಯ! ಆಳುಗಳ ಊಟ! ಬೂಷ್ಟು ಬಂದದ್ದಕ್ಕೆ ಎಲ್ಲ ಒಟ್ಟಿಗೆ ಪಂಕ್ತಿಗೆ ಕೂತದ್ದು!"

ಆಮೇಲೆ ಕತೆ ಊರೆಲ್ಲ ತಿರುಗಿತು. ಯಾವ ಮದುವೆಗೆ ಹೋದರೂ ಚಿಕ್ಕಪ್ಪ ನನ್ನ ಬೆನ್ನು ತಟ್ಟಿ, "ಇವನೇ ಮೆಷಿನ್ ತುಳಿದದ್ದು. ನಾನು ಅಂಗಡಿಗೆ ಕಾಲಿಡ್ತೇನಾ ಎಲ್ಲಿಯಾದ್ರೂ? ಶಪಥ ಉಂಟಲ್ಲ!" ಎನ್ನುತ್ತಿದ್ದರು. ನಾನೂ ಹೌದು ಹೌದು ಎನ್ನುತ್ತ ಹೋದೆ. ಹರಿದ ಚಪ್ಪಲಿಯ ಕಾಲು ನೆನಪಿನೊಳಗೆ ಬಂದು ಕೂತದ್ದು ಆಗಲೇ ಇರಬೇಕು.

ಮೊನ್ನೆ ಕುಂಬ್ರಕ್ಕೆ ಹೋಗಿದ್ದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೆಷಿನ್ನಿನ ಮುಂದೆ ಕೂತು, ಪೆಡಲಿನ ಮೇಲೆ ಕಾಲಿಟ್ಟು ಒತ್ತಿದೆ. ಚಕ್ರ ಹಿಂದಕ್ಕೆ ತಿರುಗಿತು. ಕೈಯಿಂದ ಮುಂದಕ್ಕೆ ನೂಕಿ ಮತ್ತೆ ಒತ್ತಿದೆ. ಎರಡು ಸಲ ಟಕ್ ಎಂದು ಮತ್ತೆ ಹಿಂದಕ್ಕೆ. ಬೆವರಿಳಿಯುವವರೆಗೆ ಪ್ರಯತ್ನಿಸಿದೆ. ಕಪ್ಪೆ ಗೆರಟೆಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿತು. ಕೂಗಲಿಲ್ಲ. "ಯಾರದು ನನ್ನ ಮೆಷಿನ್ ಹಾಳು ಮಾಡುದು?" ಎಂದು ಚಿಕ್ಕಮ್ಮ ಒಳಗಿನಿಂದ ಬೈದರು. ಬಾಗಿಲಲ್ಲಿ ಎಲೆ ಜಗಿಯುತ್ತಿದ್ದ ಚಿಕ್ಕಪ್ಪ ರಸ್ತೆಯ ಕಡೆ ತಿರುಗಿ ನಿಂತರು.

ಇಷ್ಟೊಂದು ಅನುಮಾನಗಳ ನಡುವೆ ನಾನೇ ಪರೀಕ್ಷಿಸಿ ಖಚಿತಪಡಿಸಿಕೊಂಡ ಸಂಗತಿ ಒಂದೇ: ನನಗೆ ಹೊಲಿಗೆ ಮೆಷಿನ್ ತುಳಿಯಲು ಬರುವುದಿಲ್ಲ.