ದಾದಾನ ಬಟ್ಟೆಯ ಕೌದಿ

ಆ ಚಳಿಗಾಲ ಮುಗಿಯುವುದರೊಳಗೆ ನನ್ನ ಕೈಯಾರೆ ಒಂದು ಕೌದಿ ಹೊಲಿದು, ಇಡೀ ಬರೋಡಾ ಬಾಯಿ ಬಿಟ್ಟು ನೋಡುವಂತೆ ಮಾಡುತ್ತೇನೆಂದು ನಾನು ಊಟಕ್ಕೆ ಕೂತಾಗ ಘೋಷಿಸಿದೆ. ಮೊದಲು ಬಾಯಿ ಬಿಟ್ಟವರು ನಮ್ಮ ಯಜಮಾನರು. ಅದೂ ಬೆರಗಿನಿಂದಲ್ಲ, ತುತ್ತಿಗೆ. ತುತ್ತು ಇಳಿದ ಮೇಲೆ ಕೇಳಿದರು:

"ಯಾರು ಹೊಲಿಯೂದು?"

"ನಾನ."

"ಇಂದೂ, ನೀ ಹಚ್ಚಿದ ಗುಂಡಿ ನನ್ನ ಅಂಗಿ ಮ್ಯಾಲೆ ಎಂದಾರ ಸಂಜೀತನಕ ನಿಂತೈತೇನು?"

ಇಂಥ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲವೆಂದು ನಾನು ಪಲ್ಯ ಬಡಿಸಿದೆ.

ನಾವು ಬೆಳಗಾವಿಯವರು. ಇವರಿಗೆ ಬರೋಡಾದ ರೈಲ್ವೆ ಕಚೇರಿಯಲ್ಲಿ ಕೆಲಸ, ನನಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಅರವತ್ತರ ದಶಕದ ಆ ದಿನಗಳಲ್ಲಿ ಟ್ರಂಕ್ ಕಾಲ್ ಬೇಕೆಂದರೆ ನನ್ನಂಥ ಹೆಂಗಸೊಬ್ಬಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಎದುರಿನ ಹಲಗೆಯ ತೂತಿಗೆ ತಂತಿ ಚುಚ್ಚಿ, ಸೂರತ್ತಿನ ಶೇಠನನ್ನೂ ಅಹಮದಾಬಾದಿನ ದಲ್ಲಾಳಿಯನ್ನೂ ಜೋಡಿಸಬೇಕಿತ್ತು. ದಿನವಿಡೀ ಚುಚ್ಚಿ ಜೋಡಿಸುವವಳಿಗೆ ನಾಲ್ಕು ಬಟ್ಟೆ ಚೂರು ಯಾವ ಲೆಕ್ಕ ಎಂಬುದು ನನ್ನ ತರ್ಕವಾಗಿತ್ತು.

ಕೌದಿಯ ಅಗತ್ಯವೇನೂ ಸುಳ್ಳಲ್ಲ. ಮನೆಯಲ್ಲಿದ್ದದ್ದು ಒಂದೇ ರಜಾಯಿ. ಅದರೊಳಗಿನ ಹತ್ತಿಯೆಲ್ಲ ಒಂದು ಮೂಲೆಗೆ ಹೋಗಿ ಸಭೆ ಸೇರಿತ್ತು. ಆ ಮೂಲೆಗಾಗಿ ಮಗಳು ತಾರಾ, ಮಗ ದಿವಾಕರ ಇಬ್ಬರೂ ಜಗಳಾಡಿ, ಬೆಳಿಗ್ಗೆ ಇಬ್ಬರೂ ಸೀನುತ್ತ ಏಳುತ್ತಿದ್ದರು. ನಮ್ಮ ಕಡೆಯಾದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ಚೂರು ಕೂಡಿಸಿ, ದಪ್ಪ ದಾರದಲ್ಲಿ ಹೊಲಿದ ಕೌದಿ ಇಲ್ಲದ ಮನೆಯಿಲ್ಲ.

ಬಟ್ಟೆಗೆ ನನ್ನ ಅಣ್ಣನಿದ್ದ. ಬೆಳಗಾವಿ ಕಡೆ ನಾವು ಅಣ್ಣನಿಗೆ ದಾದಾ ಎನ್ನುತ್ತೇವೆ. ದಾದಾನದು ಅಲ್ಲಿ ಬಟ್ಟೆ ಅಂಗಡಿ. ನಾನು ಕೇಳಿದ್ದೇ ತಡ, ಥಾನಿನ ಕೊನೆಯಲ್ಲಿ ಉಳಿದ ತುಂಡುಗಳನ್ನೆಲ್ಲ ತುಂಬಿ ಒಂದು ಗಂಟನ್ನು ರೈಲಿನಲ್ಲಿ ಕಳಿಸಿದ. ಅದಕ್ಕೆ ನನ್ನ ಹಳೆಯ ಇಳಕಲ್ ಸೀರೆಗಳನ್ನೂ ಇವರ ಸವೆದ ಪಟಾಪಟಿ ಚಡ್ಡಿಯೊಂದನ್ನೂ ಸೇರಿಸಿದೆ.

"ಅದನ್ನ್ಯಾಕ?" ಎಂದು ಇವರು ಗಾಬರಿಯಾದರು.

"ಮೆತ್ತಗೈತಿ. ಪಟ್ಟೀನೂ ಚಂದ ಅದಾವು."

"ನಾಳೆ ಯಾರರ ಗುರುತು ಹಿಡದ್ರ?"

"ನಿಮ್ಮ ಚಡ್ಡಿ ಗುರುತು ಹಿಡಿಯೋ ಅಂಥಾವ್ರು ಬರೋಡಾದಾಗ ಯಾರದಾರ?"

ಇವರು ಚಡ್ಡಿಯನ್ನು ಕಡೆಯ ಸಲವೆಂಬಂತೆ ನೋಡಿ ಕಚೇರಿಗೆ ಹೊರಟರು.

ಹೊಲಿಗೆ ಶುರುವಾಯಿತು. ಒಲೆಯ ಮೇಲೆ ಬೇಳೆ ಬೇಯುವಾಗ ಒಂದು ಸಾಲು, ದಿವಾಕರನಿಗೆ ಮಗ್ಗಿ ಹೇಳಿಸುವಾಗ ಒಂದು ಸಾಲು, ಎಕ್ಸ್‌ಚೇಂಜಿನಲ್ಲಿ ಚಹಾದ ಬಿಡುವಿನಲ್ಲಿ ಅರ್ಧ ಸಾಲು. ಒಮ್ಮೆ ಮಗ್ಗಿಯ ಭರದಲ್ಲಿ ಕೌದಿಯನ್ನು ನೆಲಕ್ಕೆ ಹಾಸಿದ್ದ ಜಮಖಾನೆಗೇ ಸೇರಿಸಿ ಹೊಲಿದು, ಎತ್ತಿದಾಗ ಜಮಖಾನೆಯೂ ಎದ್ದು ಬಂತು. ಇನ್ನೊಂದು ದಿನ ಸೂಜಿಯೇ ಕಾಣೆಯಾಯಿತು. ಕಡೆಯದಾಗಿ ಅದು ನನ್ನ ಕೈಯಲ್ಲಿದ್ದದ್ದು ಹಿಟ್ಟು ನಾದುವ ಮೊದಲು. ಆ ದಿನ ನಮ್ಮ ಮನೆಯಲ್ಲಿ ಚಪಾತಿಯನ್ನು ಎಲ್ಲರೂ ಋಷಿಗಳಂತೆ ಕಣ್ಣು ಮುಚ್ಚಿ, ನಿಧಾನವಾಗಿ, ಅಗಿದು ಅಗಿದು ತಿಂದರು. ಸೂಜಿ ನನ್ನ ತುರುಬಿನಲ್ಲಿತ್ತು.

ನಾವಿದ್ದದ್ದು ರಾವಪುರದ ಒಂದು ಹಳೆಯ ಮನೆಯ ಕೆಳಮಹಡಿಯಲ್ಲಿ. ಮೇಲಿನ ಮಹಡಿಯಲ್ಲಿ ಮಾಲೀಕರಾದ ಅಂಬಾಲಾಲರು. ಎತ್ತರದ ಆಳು, ಬಿಳಿ ಮೀಸೆ, ಮಾತು ಕಡಿಮೆ. ದೊಡ್ಡವರೆಲ್ಲ ಅವರನ್ನು ಬಾಪುಜಿ ಎಂದು ಕರೆಯುತ್ತಿದ್ದರು. ಅವರ ಸೊಸೆ ಧನಗೌರಿಬೆನ್ ನಾನು ಕೆಲಸಕ್ಕೆ ಹೋದಾಗ ನನ್ನ ಮಕ್ಕಳಿಗೆ ಊಟ ಹಾಕಿ, ಗದರಿಸಿ, ಮಲಗಿಸುವ ಪುಣ್ಯಾತ್ಮಳು. ಹಾಗಾಗಿ ನನ್ನ ಮಕ್ಕಳ ಬಾಯಲ್ಲಿ ಅರ್ಧ ಗುಜರಾತಿ, ಕಾಲು ಹಿಂದಿ. ಮಿಕ್ಕ ಕಾಲು ಪಾಲಿನಲ್ಲಿ ಕನ್ನಡ ಹೇಗೋ ಬದುಕಿಕೊಂಡಿತ್ತು.

ಒಂದು ಸಂಜೆ ಕೌದಿಗೆ ಅಂಚು ಕಟ್ಟಲು ಯಾವ ಬಟ್ಟೆಯೂ ಸಾಲದೆ ಕೂತಿದ್ದೆ. ಹಾಲು ಉಕ್ಕುತ್ತಿತ್ತು, ದಿವಾಕರ ಅಳುತ್ತಿದ್ದ, ರಾತ್ರಿ ಪಾಳಿಗೆ ಹೊರಡುವ ಹೊತ್ತು ಹತ್ತಿರವಾಗಿತ್ತು. ಆಗ ತಾರಾ ಅಂಗಳದಿಂದ ಕೆಂಪು ಬಟ್ಟೆಯೊಂದನ್ನು ಎಳೆದುಕೊಂಡು ಬಂದಳು. ಎಳೆದಷ್ಟೂ ಬರುತ್ತಲೇ ಇತ್ತು. ಅಷ್ಟು ಉದ್ದ.

"ಅವ್ವಾ, ಇದು ದಾದಾನುಂ ಛೇ," ಎಂದಳು. ದಾದಾನದು ಎಂದು.

"ಹೌದವ್ವಾ, ದಾದಾನ ಕಳಿಸ್ಯಾನ. ಗಂಟಿನಾಗ ಇಡು," ಎಂದು ನಾನು ಹಾಲಿನ ಕಡೆ ಓಡಿದೆ.

ಮರುದಿನ ಅದನ್ನು ಬಿಡಿಸಿ ನೋಡಿದೆ. ಕುಂಕುಮದಂಥ ಬಣ್ಣ. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಇಲ್ಲ, ಅಷ್ಟು ನವಿರು. ಅಗಲ ಕಡಿಮೆ, ಉದ್ದಕ್ಕೆ ಕೊನೆಯಿಲ್ಲ. ದೇವರೇ ಕೌದಿಯ ಅಂಚಿಗೆಂದು ನೇಯಿಸಿದ್ದು. ಅಣ್ಣನ ಉದಾರತೆಗೆ ಕಣ್ಣು ತುಂಬಿ ಬಂತು. ಕತ್ತರಿ ಹಾಕಿದೆ. ನಾಲ್ಕೂ ಕಡೆ ಅಂಚು, ಚೂರು ಚೂರಿನ ನಡುವೆ ಪಟ್ಟಿ, ಮೂಲೆಗೆ ಹೂವು. ಒಂದಿಷ್ಟೂ ಉಳಿಸಲಿಲ್ಲ.

ಅದೇ ದಿನ ಮೇಲಿನ ಮನೆಯಲ್ಲಿ ಕೋಲಾಹಲವೆದ್ದಿತು. ಬಾಪುಜಿಯ ಮೊಮ್ಮಗಳು ಹಂಸಾಳ ಮದುವೆ ಉತ್ತರಾಯಣ, ಅಂದರೆ ನಮ್ಮ ಸಂಕ್ರಾಂತಿ, ಕಳೆದ ಮೇಲೆ ಎಂದು ಗೊತ್ತಾಗಿತ್ತು. ಆ ಮದುವೆಗೆ ಬಾಪುಜಿ ಸುತ್ತಿಕೊಳ್ಳಬೇಕಾದ ಪಾಘಡಿ ಕಾಣೆಯಾಗಿತ್ತು. ಪಾಘಡಿ ಎಂದರೆ ಪೇಟ. ಅವರ ಸ್ವಂತ ಮದುವೆಯಲ್ಲಿ ಸುತ್ತಿಕೊಂಡದ್ದು, ಆಮೇಲೆ ಮಕ್ಕಳ ಒಂದೊಂದು ಮದುವೆಗೂ ಪೆಟ್ಟಿಗೆಯಿಂದ ಹೊರಬಂದದ್ದು. ತೀರಿಹೋದ ಹೆಂಡತಿ ಅದನ್ನು ಜೋಪಾನ ಮಾಡಿದ್ದರಂತೆ. ಧನಗೌರಿಬೆನ್ ಒಗೆದು ಅಂಗಳದ ಕಡೆಯ ಕಟಕಟೆಯ ಮೇಲೆ ಒಣಹಾಕಿದ್ದು, ಮಾಯವಾಗಿತ್ತು.

ಹುಡುಕಾಟಕ್ಕೆ ಮುಂದಾಳಾಗಿ ನಿಂತವಳು ನಾನೇ. ಮಂಚದ ಕೆಳಗೆ ಹುಡುಕಿದೆ, ನೀರಿನ ತೊಟ್ಟಿಗೆ ಕೋಲು ಹಾಕಿ ತಿರುವಿದೆ, ಎದುರು ಮನೆಯ ಬೆಕ್ಕನ್ನು ವಿಚಾರಿಸಿಕೊಂಡೆ. ಪೇಟ ಎಂದರೆ ನನ್ನ ಕಣ್ಣಿಗೆ ಬರುತ್ತಿದ್ದದ್ದು ನಮ್ಮ ಕಡೆಯ ಮುದುಕರು ಟೊಪ್ಪಿಗೆಯ ಹಾಗೆ ಎತ್ತಿ ಇಡುವ ಗುಂಡಗಿನ ವಸ್ತು. ಗುಂಡಗಿನದು ಎಲ್ಲೂ ಸಿಗಲಿಲ್ಲ.

"ಕೋತಿ ಒಯ್ದಿರಬೇಕು," ಎಂದು ಕೊನೆಗೆ ತೀರ್ಪು ಕೊಟ್ಟವಳೂ ನಾನೇ. "ಇಂಥಾದನ್ನ ಒಯ್ಯೋರಿಗೆ ಬುದ್ಧಿ ಎಲ್ಲಿಂದ ಬರಬೇಕು?"

ಧನಗೌರಿಬೆನ್ ನನ್ನ ಕೈ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ. ಕೆಳಗೆ ಬಂದು ಮತ್ತೊಂದು ಸಾಲು ಹೊಲಿದೆ.

ಉತ್ತರಾಯಣದ ದಿನ ಬರೋಡಾದಲ್ಲಿ ಯಾರೂ ಮನೆಯೊಳಗಿರುವುದಿಲ್ಲ. ಊರಿಗೆ ಊರೇ ಮಾಳಿಗೆಯ ಮೇಲೆ. ಆಕಾಶದ ತುಂಬ ಗಾಳಿಪಟ, ಕೆಳಗೆ ಎಳ್ಳುಚಿಕ್ಕಿ, ಊಂಧಿಯೂ ಎಂಬ ಬಿಸಿ ತರಕಾರಿ ಪಲ್ಯ. ನನ್ನ ಕೌದಿ ಮುಗಿದಿತ್ತು. ಇಡೀ ಬರೋಡಾ ನೋಡಲೆಂದು ಅದನ್ನು ಮಾಳಿಗೆಗೆ ಹೊತ್ತೊಯ್ದು ಮೋಟುಗೋಡೆಯ ಮೇಲೆ ಹರಡಿದೆ.

ಬಿಸಿಲು ಬಿದ್ದ ಕೂಡಲೇ ಅದು ಹೊತ್ತಿಕೊಂಡಂತೆ ಬೆಳಗಿತು. ಹೊಲಿದವಳು ನಾನೇ ಆಗಿದ್ದರೂ ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ನನ್ನ ವಕ್ರ ಹೊಲಿಗೆ, ಜಮಖಾನೆಯ ಎಳೆ, ಹಾಲು ಉಕ್ಕಿದ ಸಂಜೆಗಳು, ಒಂದೂ ಅಲ್ಲಿ ಕಾಣಲಿಲ್ಲ. ಆ ಕೆಂಪು ಅಷ್ಟನ್ನೂ ಹಿಡಿದು ಒಂದು ಮಾಡಿತ್ತು. ಅಕ್ಕಪಕ್ಕದ ಮಾಳಿಗೆಗಳಿಂದ ಹೆಂಗಸರು ದಾರ ಬಿಟ್ಟು ಬಗ್ಗಿ ನೋಡಿದರು. ನಮ್ಮ ಯಜಮಾನರು ಕೂಡ, "ಇಂದೂ, ಇದು ಖರೇನ ನೀ ಹೊಲಿದೀಯೇನು?" ಎಂದು ಮೆಲ್ಲಗೆ ಕೇಳಿದರು. ಆ ದನಿಯಲ್ಲಿ ಅಪ್ಪಟ ಬೆರಗಿತ್ತು. ಮದುವೆಯಾದ ಮೇಲೆ ನಾನು ಅದನ್ನು ಕೇಳಿದ್ದು ಅದೇ ಮೊದಲು.

ಬಿಸಿಲು ಕಾಯಲು ಬಾಪುಜಿ ಮೇಲೆ ಬಂದರು. ಬರಿತಲೆ. ಕೌದಿಯ ಮುಂದೆ ನಿಂತರು. ಅಂಚನ್ನು ಬೆರಳುಗಳ ನಡುವೆ ಹಿಡಿದು, ಉದ್ದಕ್ಕೂ ಸವರುತ್ತ ನಡೆದರು. ಒಂದೆಡೆ ನಿಂತು ಹೆಬ್ಬೆರಳಿನಿಂದ ಏನನ್ನೋ ಮುಟ್ಟಿ ಮುಟ್ಟಿ ನೋಡಿದರು. ಅಲ್ಲಿ ಬೇಳೆಕಾಳಿನಷ್ಟು ಜಾಗದಲ್ಲಿ ತೂತು ಮುಚ್ಚಿದ ಹಳೆಯ ರಫೂ ಹೊಲಿಗೆ ಇತ್ತು.

"ನಮ್ಮ ಮದುವೆಯ ಹೋಮದ ಕಿಡಿ ಹಾರಿ ಸುಟ್ಟಿತ್ತು. ಅವಳೇ ಹೊಲಿದಿದ್ದಳು," ಎಂದರು ಗುಜರಾತಿಯಲ್ಲಿ, ಯಾರಿಗೂ ಹೇಳದ ಹಾಗೆ.

ನನಗೆ ಅರ್ಥವಾಗಲಿಲ್ಲ. ಧನಗೌರಿಬೆನ್‌ಗೆ ಆಯಿತು. ಅವಳ ಕೈಯ ತಟ್ಟೆ ಕೆಳಗೆ ಬಿತ್ತು.

ತಾರಾ ನನ್ನ ಸೆರಗು ಜಗ್ಗಿದಳು. "ನಾ ಹೇಳಿದ್ದೆ ಅವ್ವಾ. ದಾದಾನುಂ ಛೇ, ಅಂತ." ಹೇಳುತ್ತ ಬೆರಳು ತೋರಿಸಿದ್ದು ಬಾಪುಜಿಯ ಕಡೆಗೆ.

ಗುಜರಾತಿಯಲ್ಲಿ ದಾದಾ ಎಂದರೆ ಅಜ್ಜ. ಮೇಲಿನ ಮನೆಯ ಮಕ್ಕಳ ಜೊತೆ ಸೇರಿ ನನ್ನ ಮಕ್ಕಳೂ ಅವರನ್ನು ದಾದಾ ಎಂದೇ ಕರೆಯುತ್ತಿದ್ದರು. ಊರಿನವರ ಲೈನನ್ನೆಲ್ಲ ಸರಿಯಾಗಿ ಜೋಡಿಸುವ ನಾನು, ಮನೆಯೊಳಗಿನ ಒಂದು ಮಾತನ್ನು ನೇರ ಬೆಳಗಾವಿಗೆ ಜೋಡಿಸಿಬಿಟ್ಟಿದ್ದೆ.

"ಬಾಪುಜಿ, ಬಿಚ್ಚಿ ಕೊಡ್ತೀನಿ. ಒಂದೊಂದು ಹೊಲಿಗೀನೂ ಬಿಚ್ಚಿ ಕೊಡ್ತೀನಿ," ಎಂದೆ. ಯಾವ ಭಾಷೆಯಲ್ಲಿ ಎಂದೆನೋ ನನಗೇ ಗೊತ್ತಿಲ್ಲ.

ಅವರು ಬೇಡವೆಂದು ತಲೆಯಾಡಿಸಿದರು. ಬಿಚ್ಚಿದರೆ ಸಿಗುವುದು ಚಿಂದಿ ಎಂಬುದು ಅವರಿಗೆ ಗೊತ್ತಿತ್ತು. ಮೆಟ್ಟಿಲಿಳಿದು ಹೋದರು. ಗಟ್ಟಿಯಾಗಿ ಬೈದಿದ್ದರೆ ನಾನು ನೆಮ್ಮದಿಯಿಂದ ಅಳುತ್ತಿದ್ದೆ.

ಆಮೇಲಿನ ದಿನಗಳು ನೆಟ್ಟಗಿರಲಿಲ್ಲ. ಧನಗೌರಿಬೆನ್ ನನ್ನ ಮಕ್ಕಳಿಗೆ ಊಟ ಹಾಕುವುದನ್ನು ಬಿಡಲಿಲ್ಲ, ನನ್ನೊಡನೆ ಮಾತು ಬಿಟ್ಟಳು. ಇವರು ಪೇಟೆಯೆಲ್ಲ ಅಲೆದು ಹೊಸ ಕೆಂಪು ಪಾಘಡಿ ತಂದುಕೊಟ್ಟರು. ಗಂಜಿ ಹಾಕಿ ನಿಲ್ಲಿಸಿದರೆ ತಾನೇ ನಿಲ್ಲುವಂಥದ್ದು. ಬಾಪುಜಿ ಎರಡೂ ಕೈಯಿಂದ ಅದನ್ನು ತೆಗೆದುಕೊಂಡು, ಆಶೀರ್ವಾದ ಮಾಡಿ, ಕಪಾಟಿನಲ್ಲಿಟ್ಟರು. ಮದುವೆಯ ಬೆಳಿಗ್ಗೆ ಧನಗೌರಿಬೆನ್ ಬಾಗಿಲಲ್ಲಿ ನಿಂತು, "ಬಾಪುಜಿ ನಿಮ್ಮ ಗೋದಡಿ ಕೇಳುತ್ತಿದ್ದಾರೆ," ಎಂದಳು.

ಗೋದಡಿ ಎಂದರೆ ನಮ್ಮ ಕೌದಿಯೇ. ಹರಿದು ಪಾಘಡಿಯ ಚೂರು ತೆಗೆದುಕೊಳ್ಳುತ್ತಾರೆಂದುಕೊಂಡು ಕೊಟ್ಟೆ.

ಸಂಜೆ ಬೀಗರ ದಿಬ್ಬಣ ಬ್ಯಾಂಡಿನೊಡನೆ ಬೀದಿಗೆ ಬಂತು. ಎದುರುಗೊಳ್ಳಲು ಬಾಪುಜಿ ಹೊರಬಂದರು. ಬಾಜಾ ಊದುವವರು ಊದುವುದನ್ನು ಮರೆತರು. ಬಿಳಿ ಧೋತರ, ಅಂಗರಖು ಎಂಬ ಬಿಳಿ ಅಂಗಿ, ಅದರ ಮೇಲೆ ಭುಜದಿಂದ ಹಿಮ್ಮಡಿಯ ತನಕ ನನ್ನ ಕೌದಿ. ಮೇಲಿನ ಕೆಂಪು ಅಂಚನ್ನು ತಲೆಯ ಸುತ್ತ ಮಡಿಸಿ ತಂದು ಹಣೆಯ ಮೇಲೆ ನಿಲ್ಲಿಸಿದ್ದರು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಆ ಎತ್ತರದ ಮುದುಕ ನಿಂತದ್ದನ್ನು ನೋಡಿ ನನಗೆ ಕಾಲು ಮಡಿಸಿ ನಮಸ್ಕಾರ ಮಾಡಬೇಕೆನ್ನಿಸಿತು. ಯಾವ ಸಂಸ್ಥಾನದ ರಾಜನಿಗೂ ಅಂಥ ನಿಲುವಂಗಿ ಇದ್ದಿರಲಾರದು.

ಬೀಗರ ಕಡೆಯ ಹಿರಿಯರು ಕೈಮುಗಿದು ಕೇಳಿದರು: "ಇದು ನಿಮ್ಮ ಮನೆತನದ ಪದ್ಧತಿಯೋ?"

"ಹೌದು, ಈ ಮದುವೆಯಿಂದ," ಎಂದರು ಬಾಪುಜಿ.

ಬೀಗರು ಹೌದು ಎಂಬ ಮೊದಲ ಮಾತಷ್ಟೇ ಕೇಳಿಸಿಕೊಂಡಂತೆ ಕಂಡಿತು. ಪದ್ಧತಿಯಂತೆ ಎಂಬ ಸುದ್ದಿ ದಿಬ್ಬಣದ ಕೊನೆಯವರೆಗೂ ಹರಡಿತು. ವರನ ಸೋದರತ್ತೆಯೊಬ್ಬರು ಮುಂದೆ ಬಂದು, ಭಕ್ತಿಯಿಂದ ಕೌದಿಯ ಒಂದು ಚೂರನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಅವರ ಹಿಂದೆ ಉಳಿದ ಹೆಂಗಸರೂ ಸಾಲಾಗಿ ಬಂದು ಅದೇ ಚೂರನ್ನು ಕಣ್ಣಿಗೊತ್ತಿಕೊಂಡರು.

ಪಕ್ಕದಲ್ಲಿದ್ದ ಇವರು ನನ್ನ ಮೊಣಕೈ ಹಿಡಿದರು. ಮುಖ ಬಿಳಿಚಿತ್ತು.

"ಇಂದೂ, ಅದು ನಂದು."

"ಸುಮ್ನಿರ್ರಿ."

"ಪಟಾಪಟಿ, ಇಂದೂ."

"ಕೈ ಮುಗೀರಿ," ಎಂದೆ. ಇವರು ತಮ್ಮ ಚಡ್ಡಿಗೆ ತಾವೇ ಕೈಮುಗಿದರು.

ಹಂಸಾಳನ್ನು ಕಳಿಸಿಕೊಡುವ ಹೊತ್ತಿಗೆ ಬಾಪುಜಿ ಕೌದಿಯ ಒಂದು ತುದಿ ಸರಿಸಿ ಮೊಮ್ಮಗಳನ್ನು ಒಳಗೆ ಸೇರಿಸಿಕೊಂಡರು. ರಫೂ ಇದ್ದ ಜಾಗವನ್ನು ಹುಡುಕಿ ಅವಳ ತಲೆಯ ಮೇಲೆ ಇಟ್ಟರು. ಅಲ್ಲಿಯ ತನಕ ಒಂದು ಹನಿಯೂ ಅಳದ ಹುಡುಗಿ ಅದರೊಳಗೆ ಮುಖ ಮುಚ್ಚಿಕೊಂಡು ಅತ್ತಳು. ಧನಗೌರಿಬೆನ್ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಪಕ್ಕ ನಿಂತಳು, ನನ್ನ ಕೈ ಹಿಡಿದಳು, ಮೂಗು ಒರೆಸಿಕೊಳ್ಳಲು ನನ್ನ ಸೆರಗನ್ನೇ ತೆಗೆದುಕೊಂಡಳು. ಎಲ್ಲ ಸರಿಹೋಯಿತೆಂದು ನನಗೆ ಆಗ ಗೊತ್ತಾಯಿತು.

ಮದುವೆಯ ಗದ್ದಲ ಇಳಿದ ಮೇಲೆ ಚಳಿ ಇನ್ನೂ ಏರಿತು. ಮಕ್ಕಳು ಹಳೆಯ ರಜಾಯಿಯಲ್ಲಿ ಮತ್ತೆ ಜಗಳ ಶುರು ಮಾಡಿದರು. ನಾಲ್ಕಾರು ದಿನ ಕಾದು, ಧೈರ್ಯ ಮಾಡಿ ಮೇಲೆ ಹೋದೆ. ಬಾಪುಜಿ ತೂಗುಮಂಚದ ಮೇಲೆ ಕೌದಿ ಹೊದ್ದುಕೊಂಡು ಕೂತು ಚಹಾ ಕುಡಿಯುತ್ತಿದ್ದರು.

"ಬಾಪುಜಿ, ಚಳಿ ಬಹಳ. ಮಕ್ಕಳಿಗೆ ನನ್ನ ಗೋದಡಿ ಬೇಕಾಗಿತ್ತು," ಎಂದೆ ನನಗೆ ಬರುವಷ್ಟು ಗುಜರಾತಿಯಲ್ಲಿ.

ಅವರು ಬಸಿಯನ್ನು ಕೆಳಗಿಟ್ಟರು. ಮೀಸೆ ಒರೆಸಿಕೊಂಡರು. ನನ್ನನ್ನು ಬಹಳ ಕರುಣೆಯಿಂದ ನೋಡಿದರು.

"ನಿನ್ನ ಗೋದಡಿ ಎಲ್ಲಿದೆ, ಮಗಳೇ? ಇದು ನನ್ನ ಪಾಘಡಿ. ನೀನು ಇದಕ್ಕೆ ಒಂದಿಷ್ಟು ಬಟ್ಟೆ ಹಚ್ಚಿದ್ದೀಯ, ಅಷ್ಟೇ," ಎಂದರು. ಅಂಚನ್ನು ಗದ್ದದ ತನಕ ಎಳೆದುಕೊಂಡು, ಕಣ್ಣು ಮುಚ್ಚಿ, ತೂಗುಮಂಚಕ್ಕೆ ಕಾಲಿನಿಂದ ಒಂದು ತಳ್ಳು ಕೊಟ್ಟರು. "ನಿನ್ನ ಬಟ್ಟೆ ಬೇಕಿದ್ದರೆ ಬಿಚ್ಚಿಕೊಂಡು ಹೋಗು."