ಅಲ್ಲಾಡದ ನೆಲಕ್ಕೆ ಬಂದ ಬೀಗರು

ಹುಟ್ಟಿದೂರನ್ನು ಹೊಗಳುವುದಕ್ಕೆ ಖರ್ಚೇನೂ ಇಲ್ಲ. ನನಗಂತೂ ಅದೊಂದು ಚಟ. ಪಾಂಡವಪುರದ ನೀರು, ಬೆಲ್ಲ, ಕೊನೆಗೆ ಬಸ್‌ಸ್ಟ್ಯಾಂಡಿನ ಬೋಂಡವನ್ನೂ ಬಿಡದೆ ಹೊಗಳುತ್ತೇನೆ. ಹೀಗಿರುವಾಗ, ಮಗಳನ್ನು ಕೊಟ್ಟ ಉಡುಪಿ ಕಡೆ ಸಮುದ್ರದೊಳಗೆ ಸಣ್ಣದಾಗಿ ಭೂಮಿ ನಡುಗಿ, ಬೀಗರ ಮನೆಯ ಕಿಟಕಿಗಳು ಗಡಗಡ ಎಂದ ಸುದ್ದಿ ಬಂತು. ಸದ್ಯ, ಯಾರಿಗೂ ಏನೂ ಆಗಿರಲಿಲ್ಲ. ಆದರೆ ಮಗಳು ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ನನ್ನ ಹೆಂಡತಿ. ಅಲ್ಲೇ ಒಳ್ಳೆಯ ಆಸ್ಪತ್ರೆಯಿದೆ, ಕಳಿಸುವುದಿಲ್ಲವೆಂದು ಬೀಗಿತ್ತಿ. ಇದೇ ಸಮಯವೆಂದು ನಾನು ಫೋನ್ ಮಾಡಿ, "ಕಳ್ಸಿಕೊಡಿ ಬೀಗ್ರೇ, ನಮ್ಮೂರ ನೆಲ ಅಂದ್ರೆ ನೆಲ. ಅಲ್ಲಾಡೋ ಮಾತೇ ಇಲ್ಲ" ಎಂದುಬಿಟ್ಟೆ.

ಆ ವಾರವೇ ಬೀಗರು, ಬೀಗಿತ್ತಿ ಇಬ್ಬರೂ ಸೊಸೆಯನ್ನು ಕರೆದುಕೊಂಡು ಬಂದರು. ಊರು ನೋಡಿ ಆಮೇಲೆ ತೀರ್ಮಾನ ಎಂದರು. ಮಧ್ಯಾಹ್ನ ಊಟಕ್ಕೆ ಕೂತು ಮುದ್ದೆ ಮುರಿಯುವಷ್ಟರಲ್ಲಿ ಧಡ್ ಎಂದಿತು. ಪಾತ್ರೆ ಸ್ಟ್ಯಾಂಡಿನ ಲೋಟಗಳೆಲ್ಲ ಕುಣಿದವು. ಬೀಗರು ಎಂಜಲು ಕೈಯಲ್ಲೇ ಬೀದಿಗೆ ಓಡಿದರು. ಬೀಗಿತ್ತಿ ಅವರಿಗಿಂತ ಮುಂದಿದ್ದರು. ನನ್ನ ಹೆಂಡತಿ ಎಡಗೈಯಲ್ಲಿ ಸ್ಟ್ಯಾಂಡು ಹಿಡಿದುಕೊಂಡು, ಬಲಗೈಯಲ್ಲಿ ಬಸ್ಸಾರು ಬಡಿಸುತ್ತಲೇ ಇದ್ದಳು. ಊರಾಚೆಯ ಕ್ವಾರಿಯಲ್ಲಿ ಬಂಡೆ ಸಿಡಿಸುವುದು ನಮಗೆ ಎಷ್ಟು ರೂಢಿಯೆಂದರೆ, ಫೋನಿನಲ್ಲಿ ಕೊಚ್ಚಿಕೊಳ್ಳುವಾಗ ಅದು ನನಗೆ ನೆನಪೇ ಆಗಿರಲಿಲ್ಲ.

"ಬನ್ನಿ, ಉಣ್ಣಿ. ಕ್ವಾರೇಲಿ ಬಂಡೆ ಹೊಡಿತಾವ್ರೆ, ಅಷ್ಟೆಯ" ಎಂದಳು ಹೆಂಡತಿ.

"ದಿನಾ ಉಂಟಾ ಇದು?" ಎಂದು ಬೀಗರು ಹೊಸ್ತಿಲಾಚೆಯಿಂದಲೇ ಕೇಳಿದರು.

"ದಿನಾ ಎಲ್ಲಿ ಬಂತು, ಭಾನ್ವಾರ ರಜ" ಎಂದೆ. ಅವರ ಮುಖ ನೋಡಿದ ಮೇಲೆ ಮಗಳು ಬಂದ ಕಾರಿನಲ್ಲೇ ವಾಪಸ್ ಹೋಗುವುದು ಖಾತ್ರಿಯೆನಿಸಿತು. ಹೆಂಡತಿ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಮಗಳು ಮಾತ್ರ ಕೂತಲ್ಲಿಂದ ಕದಲಿರಲಿಲ್ಲ. "ಅವ್ವ, ಇನ್ನೊಸಿ ಸಾರು ಬುಡು" ಎಂದು ಎರಡನೇ ಮುದ್ದೆಗೆ ಕೈಹಾಕಿದಳು. ಒಳಗೆ ಬಂದ ಬೀಗಿತ್ತಿ ಸೊಸೆಯನ್ನೇ ನೋಡುತ್ತಾ ನಿಂತರು. ಆಮೇಲೆ ಗಂಡನಿಗೆ, "ಅಲ್ಲಿ ಇವಳಿಗೆ ನಾಲ್ಕು ತುತ್ತು ಸೇರುತ್ತಿರಲಿಲ್ಲ. ಇಲ್ಲೇ ಇರಲಿ ಮಾರಾಯ್ರೆ, ನೆಲ ಅಲ್ಲಾಡಿದರೂ ಊಟ ಮಾಡ್ತಾಳಲ್ಲ" ಎಂದರು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಮಗಳನ್ನು ಬಿಟ್ಟು ಹೊರಟಾಗ ಬೀಗರು, "ನೀವಿನ್ನು ನೆಲದ ವಿಷಯ ಮಾತಾಡಬೇಡಿ" ಎಂದರು. ಖಂಡಿತ ಇಲ್ಲವೆಂದು ಮಾತು ಕೊಟ್ಟೆ. ಅವರ ಕಾರಿನ ಗಾಜಿನ ಮೇಲೆ ದಪ್ಪಗೆ ಕೂತಿದ್ದ ಕ್ವಾರಿಯ ಧೂಳನ್ನು ಟವಲಿನಲ್ಲಿ ಒರೆಸುತ್ತಾ, "ಗಾಳಿ ಮಾತ್ರ ನಮ್ಮೂರ್ದು ಬಲೇ ಶುದ್ಧ ಬೀಗ್ರೇ" ಎಂದೆ.